ಬಂದೂಕಿಗೆ ಕೆಸರು ಬಳಿಯುವ ನೌಕರಿ

ನಮ್ಮದು ನಗು ತರಿಸುವ ಕೆಲಸವಲ್ಲ. ಮುಂಬೈಯ ಭಾಂಡುಪ್‌ನ ಹಳೆಯ ಕಾರ್ಖಾನೆ ಶೆಡ್ಡೊಂದರಲ್ಲಿ ನಮ್ಮ ಲ್ಯಾಬ್ ಇದೆ. ಹೊಸ ಮಾದರಿಯ ಬಂದೂಕು ಬಂದರೆ ಅದಕ್ಕೆ ಧೂಳು ಹೊಡೆಸಿ, ಕೆಸರಲ್ಲಿ ಹೂಳಿ, ಆಮೇಲೂ ಗುಂಡು ಹಾರುತ್ತದೋ ಇಲ್ಲವೋ ನೋಡಿ ವರದಿ ಬರೆಯುತ್ತೇವೆ. ನಾನು ಧಾರವಾಡ ಬಿಟ್ಟು ಬಂದು ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಎಷ್ಟು ಗಂಭೀರವಾಗಿರಬೇಕೆಂದರೂ ಆಗಾಗ ಹೀಗೇನಾದರೂ ಆಗಿಯೇ ತೀರುತ್ತದೆ.

ಎಷ್ಟು ದಿನದ್ದು?

ಒಮ್ಮೆ ಕೆಸರಿನ ಪರೀಕ್ಷೆಗೆ ಕಲ್ಲು, ಕಸ ಇಲ್ಲದ ನುಣ್ಣನೆ ಜೇಡಿಮಣ್ಣು ಬೇಕಾಯಿತು. ಗಣಪತಿ ಹಬ್ಬ ಹತ್ತಿರವಿತ್ತು. ಸ್ಟೇಷನ್ ಪಕ್ಕದ ಮೂರ್ತಿಕಾರನ ಹತ್ತಿರ ಹೋದೆ.

"ಎಷ್ಟು ಫುಟಿನ ಮೂರ್ತಿ?" ಅಂದ.

"ಮೂರ್ತಿ ಬೇಡ ಭಾವೂ, ಬರೀ ಮಣ್ಣು. ಒಂದು ವಸ್ತು ಅದರಲ್ಲಿ ಮುಳುಗಿಸಬೇಕು."

"ಅಂದರೆ ವಿಸರ್ಜನೆ. ಒಂದೂವರೆ ದಿನದ್ದಾ, ಐದು ದಿನದ್ದಾ?"

"ಹತ್ತು ನಿಮಿಷದ್ದು."

ಅವನು ಬ್ರಷ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟ. "ಈ ಮುಂಬೈಯಲ್ಲಿ ಯಾರಿಗೂ ಟೈಮೇ ಇಲ್ಲ."

ಮಾವಶಿಯ ಕೈಗುಣ

ಇನ್ನೊಮ್ಮೆ ಇಡೀ ದಿನ ಧೂಳಿನ ಪೆಟ್ಟಿಗೆಯಲ್ಲಿಟ್ಟ ಬಂದೂಕನ್ನು ಹೊರತೆಗೆದು ಮೇಜಿನ ಮೇಲಿಟ್ಟೆ. ಕಾವಲಿಗೆ ಒಬ್ಬ ಸಿಪಾಯಿ ಇದ್ದ. ಆ ಧೂಳು ಹಾಗೇ ಇರಬೇಕು, ಅದೇ ಪರೀಕ್ಷೆ. ಫೋಟೋ ತೆಗೆಯಲು ಕ್ಯಾಮೆರಾ ತರುವಷ್ಟರಲ್ಲಿ ಬಂದೂಕು ಫಳಫಳ ಹೊಳೆಯುತ್ತಿತ್ತು. ಕಸ ಗುಡಿಸುವ ಮಾವಶಿ ಅದನ್ನು ಒರೆಸಿ, ಮೇಲೆ ಕೊಬ್ಬರಿ ಎಣ್ಣೆ ಬೇರೆ ಸವರಿದ್ದಳು. "ಎಷ್ಟು ಹೊಲಸು ಮಾಡಿಟ್ಟಿದ್ದೀರಿ, ನಾಚಿಕೆ ಆಗೋದಿಲ್ಲವಾ?" ಎಂದು ನನಗೇ ಬೈದಳು.

ಸಿಪಾಯಿಯನ್ನು ತರಾಟೆಗೆ ತೆಗೆದುಕೊಂಡೆ. "ಕಳುವಾಗದಂತೆ ನೋಡು ಅಂದಿದ್ರಿ ಸಾಬ್, ಒರೆಸದಂತೆ ನೋಡು ಅಂದಿರಲಿಲ್ಲ" ಅಂದ. ಕೆಳಭಾಗ ಒರೆಸಲು ಬಂದೂಕು ಎತ್ತಿ ಹಿಡಿದವನೂ ಅವನೇ ಅಂತೆ.

ಪರೀಕ್ಷೆ ಮೊದಲಿಂದ ಶುರುವಾಯಿತು. ಮರುದಿನ ಆ ಕೋಣೆಯ ಬಾಗಿಲಿಗೆ "ಇಲ್ಲಿ ಏನನ್ನೂ ಒರೆಸಬಾರದು" ಎಂದು ಮರಾಠಿಯಲ್ಲಿ ಬೋರ್ಡು ಹಾಕಿಸಿದೆ. ಮಾವಶಿ ಓದಿ ತಲೆಯಾಡಿಸಿದಳು. ಅದೇ ದಿನ ಆ ಕೋಣೆಯಲ್ಲಿ ನಾನು ಚೆಲ್ಲಿದ ಚಹಾ ಈಗಲೂ ನೆಲದ ಮೇಲೆ ಕಲೆಯಾಗಿ ಉಳಿದಿದೆ.

ಸಂಬಳ ಉಂಟಾ?

ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರಿದ್ದಾರೆ. ಲಿಫ್ಟಿನಲ್ಲಿ ನನ್ನ ಮಗಳನ್ನು, "ನಿನ್ನಪ್ಪನಿಗೆ ಎಂಥ ಕೆಲಸ?" ಎಂದು ಕೇಳಿದರು. ಅವಳ ಕನ್ನಡ ಅರ್ಧಕ್ಕೇ ನಿಲ್ಲುತ್ತದೆ. "ಪಪ್ಪಾ ಗನ್ ಖರಾಬ್ ಮಾಡ್ತಾರೆ, ಅಂಕಲ್."

ಅವರು ನನ್ನ ಕಡೆ ತಿರುಗಿದರು. "ನಮ್ಮ ಹುಡುಗರು ದಿನಾ ಒಂದು ಮಿಕ್ಸರ್ ಖರಾಬ್ ಮಾಡ್ತಾರೆ ಮಾರಾಯ್ರೆ. ಅದಕ್ಕೆ ಬೇರೆ ಸಂಬಳ ಉಂಟಾ?"

ಹನ್ನೆರಡನೇ ಗುಂಡು

ವಿಜಯಪುರದ ಹಿರಿಯ ಎಂಜಿನಿಯರ್ ಒಬ್ಬರು ಒಂದು ಬಂದೂಕಿನ ವಿನ್ಯಾಸಕ್ಕೆ ಆರು ವರ್ಷ ಸುರಿದಿದ್ದರು. ಎರಡು ಸಲ ಅದು ಧೂಳಿಗೆ ಸಿಕ್ಕಿಕೊಂಡು ಫೇಲಾಗಿತ್ತು. ಮೂರನೆಯದೇ ಕೊನೆಯ ಅವಕಾಶ. ಧೂಳು ತಿನ್ನಿಸಿದ ಬಂದೂಕನ್ನು ಊರಾಚೆಯ ಫೈರಿಂಗ್ ರೇಂಜಿಗೆ ಒಯ್ದೆವು. ಮೂವತ್ತು ಗುಂಡು, ನಡುವೆ ನಿಲ್ಲಬಾರದು. ಒಬ್ಬ ಹವಾಲ್ದಾರ ಗುರಿ ಹಿಡಿದು ಮಲಗಿದ. ಪರೀಕ್ಷಾಧಿಕಾರಿ ಪೆನ್ನು ಹಿಡಿದು ನಿಂತರು.

ಪ್ರತಿ ಗುಂಡಿಗೂ ಬಂದೂಕಿನಿಂದ ಧೂಳಿನ ಮೋಡ ಏಳುತ್ತಿತ್ತು. ಎಂಜಿನಿಯರ್ ಕಣ್ಣು ಮುಚ್ಚಿ ಎಣಿಸುತ್ತಿದ್ದರು. ಹತ್ತು, ಹನ್ನೊಂದು, ಹನ್ನೆರಡು.

ನಿಂತಿತು.

ಎಂಜಿನಿಯರ್ ಇದ್ದಲ್ಲೇ ಕುಸಿದು ಕೂತರು. "ಮುಗೀತ್ರಿ, ನನ್ನ ಕಥಿ ಮುಗೀತು" ಅಂದರು. ಅಧಿಕಾರಿ "ಹನ್ನೆರಡನೇ ಗುಂಡಿಗೆ ಸ್ಥಗಿತ" ಎಂದು ಬರೆದೇಬಿಟ್ಟರು.

ಆಗ ಹವಾಲ್ದಾರ ಬಂದೂಕು ಕೆಳಗಿಟ್ಟು, ಮೂಗು ಮೇಲೆತ್ತಿ, ಇಡೀ ರೇಂಜ್ ನಡುಗುವಂತೆ ಸೀನಿದ. ಒಂದಲ್ಲ, ಏಳು ಸಲ.

"ಬಂದೂಕು ಜಾಮ್ ಆಗಿಲ್ಲ ಸರ್," ಅಂದ ಕಣ್ಣೊರೆಸುತ್ತಾ, "ನಾನು ಜಾಮ್ ಆದೆ."

ಎಂಜಿನಿಯರ್ ದಡಕ್ಕನೆ ಎದ್ದು ಅವನ ಮೂಗಿಗೆ ತಮ್ಮ ಕರವಸ್ತ್ರ ಕಟ್ಟಿದರು. ಉಳಿದ ಹದಿನೆಂಟೂ ಸರಾಗವಾಗಿ ಹಾರಿದವು. ಆ ಹಿರಿಯರು ನನ್ನ ಕೈ ಹಿಡಿದು ಅತ್ತೇಬಿಟ್ಟರು.

ಆದರೆ ಬರೆದದ್ದನ್ನು ಅಳಿಸುವಂತಿರಲಿಲ್ಲ. ವರದಿಯಲ್ಲಿ "ಸ್ಥಗಿತಕ್ಕೆ ಕಾರಣ: ಸೀನು" ಎಂದು ಟೈಪ್ ಮಾಡಿದೆ. "ಕೈಗೊಂಡ ಸರಿಪಡಿಕೆ" ಎಂಬ ಖಾನೆ ಖಾಲಿ ಬಿಡುವಂತಿಲ್ಲ. "ಕರವಸ್ತ್ರ ಒದಗಿಸಲಾಗಿದೆ" ಎಂದು ತುಂಬಿ ಹೆಡ್ಡಾಫೀಸಿಗೆ ಕಳಿಸಿದೆ.

ವಾರದ ಮೇಲೆ ಉತ್ತರ ಬಂತು. ಬಂದೂಕು ಪಾಸಾಗಿದೆ. ಕೆಳಗೆ ಇನ್ನೊಂದು ಸಾಲು: "ಸದರಿ ಕರವಸ್ತ್ರವನ್ನೂ ಧೂಳಿನ ಪರೀಕ್ಷೆಗೆ ಒಳಪಡಿಸಿ ವರದಿ ಸಲ್ಲಿಸುವುದು."