ಪಿಡಿಎಫ್‌ಗೆ ಅರಿಶಿಣ ಹಚ್ಚಿದ ಕಾಕಾ

ನಮ್ಮ ಕಾಕಾನ ಕೈಯಲ್ಲಿ ರೆಸ್ಯೂಮೆ ಮಾಡಿಸಿಕೊಂಡವರಿಗೆ ನೌಕರಿ ಸಿಗುತ್ತದೋ ಇಲ್ಲವೋ, ಅದಕ್ಕೆ ನಾನು ಜಾಮೀನು ನಿಲ್ಲುವುದಿಲ್ಲ. ಆದರೆ ಅವರ ಮಾನ ಮನೆಯಂಗಳದಲ್ಲೇ ಹರಾಜಾಗುತ್ತದೆ ಎಂಬುದನ್ನು ಮಾತ್ರ ಸ್ಟ್ಯಾಂಪ್ ಪೇಪರಿನ ಮೇಲೆ ಬೇಕಾದರೂ ಬರೆದುಕೊಡುತ್ತೇನೆ! ಹರಾಜಾದವರಲ್ಲಿ ನಾನೂ ಒಬ್ಬಳು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ವಿಜಯಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಅಕ್ಷರ ಜೋಡಿಸುತ್ತಿದ್ದವರು. ಮೊಳೆಗಳ ಕಾಲ ಮುಗಿದ ಮೇಲೆ ಅದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತ ಉಳಿದರು. ಒಟ್ಟು ನಲವತ್ತು ವರ್ಷ. ಈಗ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಆರಾಮವಾಗಿದ್ದಾರೆ. ಆರಾಮ ಅವರಿಗೆ ಮಾತ್ರ. ಅವರ ಹೆಂಡತಿ, ನಮ್ಮ ಕಾಕುಗೆ ಎಲ್ಲಿಯ ಆರಾಮ? ನಲವತ್ತು ವರ್ಷ ಅಂಚು ನೋಡಿ, ಸಾಲು ನೋಡಿ, ಕಾಕಾನ ಕಣ್ಣಿಗೆ ಈ ಜಗತ್ತೇ ಒಂದು ಪ್ರೂಫ್ ಹಾಳೆಯಾಗಿಬಿಟ್ಟಿದೆ. ಲಗ್ನದೂಟಕ್ಕೆ ಕೂತರೆ, ಎಲೆಯ ಮೇಲಿನ ಉಪ್ಪಿನಕಾಯಿ ಅಂಚು ದಾಟಿದೆ ಎಂದು ಹೋಳಿಗೆ ಬಡಿಸುವವರನ್ನು ತಡೆದು ನಿಲ್ಲಿಸುತ್ತಾರೆ. ಕಾಕು ಬಾಗಿಲ ಮುಂದೆ ರಂಗೋಲಿ ಹಾಕಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಕಿಟಕಿಯಿಂದ ದನಿ ಬರುತ್ತದೆ.

"ಎಡಕ್ಕ ಅರ್ಧ ಇಂಚು ಸರದೈತಿ ನೋಡು."

"ಹಂಗಾರ ನಿಮ್ಮ ಮನೀನ ಅರ್ಧ ಇಂಚು ಎಡಕ್ಕ ಸರಸ್ರಿ!"

ಇಂಥ ಮನುಷ್ಯನ ಕೈಗೆ ಲ್ಯಾಪ್‌ಟಾಪ್ ಸಿಕ್ಕರೆ ಏನಾಗಬೇಕು, ನೀವೇ ಹೇಳಿ! ಮಗಳು ಬಿಟ್ಟುಹೋದ ಹಳೆಯದೊಂದನ್ನು ಇಟ್ಟುಕೊಂಡು, ವಿಡಿಯೋ ನೋಡಿ ನೋಡಿ, ಕಾಕಾ ಒಂದು ಟೈಪ್‌ಸೆಟ್ಟಿಂಗ್ ಸಾಫ್ಟ್‌ವೇರ್ ಕಲಿತೇಬಿಟ್ಟರು. ನಾವು ನೀವು ಅರ್ಜಿ ಟೈಪ್ ಮಾಡುವಂಥದ್ದಲ್ಲ ಅದು. ಮೌಸ್ ಹಿಡಿದು ಅಕ್ಷರಗಳನ್ನು ಅತ್ತಿತ್ತ ಎಳೆದಾಡುವಂತಿಲ್ಲ. ಎಲ್ಲವನ್ನೂ ಆಜ್ಞೆಗಳಾಗಿ ಬರೆಯಬೇಕು. ಇಲ್ಲಿ ಇಷ್ಟು ಅಂಚು ಬಿಡು, ಈ ಹೆಸರು ದಪ್ಪಗಾಗಲಿ, ಈ ತಾರೀಖು ಬಲಕ್ಕೆ ಹೋಗಿ ನಿಲ್ಲಲಿ ಅಂತ. ಬರೆದು ಒಂದು ಗುಂಡಿ ಒತ್ತಿದರೆ ಅಕ್ಷರಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತವೆ. ಕಾಕಾನ ಖುಷಿ ನೋಡಬೇಕಿತ್ತು!

"ನಲವತ್ತ ವರ್ಷ ಫೋರ್‌ಮನ್ ನನಗ ಹುಕುಂ ಮಾಡಿದಾ. ಈಗ ನಾ ಹುಕುಂ ಮಾಡಾಕತ್ತೇನಿ. ಈ ಮನ್ಯಾಗ ನನ್ನ ಮಾತು ಕೇಳೂದು ಇದೊಂದ ನೋಡಬೇ ಯವ್ವಾ!"

ಆದರೆ ಅದೂ ಸುಮ್ಮನೆ ಕೇಳುವುದಿಲ್ಲ. ಆಜ್ಞೆ ಬರೆಯುವಾಗ ತೆರೆದ ಕಂಸವನ್ನು ಮುಚ್ಚದಿದ್ದರೆ ಮುನಿಸಿಕೊಂಡು ಕೂತುಬಿಡುತ್ತದೆ. ಒಂದು ದಿನ ಕಾಕಾ ಮುಂಜಾನೆ ಚಹಾದಿಂದ ಮಧ್ಯಾಹ್ನದ ರೊಟ್ಟಿಯವರೆಗೆ ಒಂದೇ ಒಂದು ತೆರೆದ ಕಂಸಕ್ಕಾಗಿ ಹುಡುಕಾಡಿದರು. ಸಿಕ್ಕಿತು. ಅಂದಿನಿಂದ ಅವರಿಗೆ ತೆರೆದದ್ದೆಲ್ಲ ಮುಚ್ಚುವ ಚಟ ಹತ್ತಿತು. ಬಾಗಿಲು, ಕಪಾಟು, ಚಟ್ನಿಪುಡಿ ಡಬ್ಬಿ, ಪಕ್ಕದ ಮನೆಯವರ ಗೇಟು, ಯಾವುದನ್ನೂ ಬಿಡಲಿಲ್ಲ. ಕಾಕು ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ಉಪ್ಪಿನಕಾಯಿ ಡಬ್ಬಿ ಮುಚ್ಚರಿ, ಮುಚ್ಚರಿ ಅಂತ ಹೇಳಿ ಹೇಳಿ ನನ್ನ ಹಲ್ಲು ಉದುರಾಕ ಬಂದಾವು. ಆ ಪೆಟ್ಟಿಗಿ ಒಂದ ದಿನದಾಗ ಕಲಿಸ್ತು ನೋಡವ್ವಾ!"

ಹೀಗೆ ಕಾಕಾ ಊರವರಿಗೆಲ್ಲ ರೆಸ್ಯೂಮೆ ಮಾಡಿಕೊಡತೊಡಗಿದರು. ಮೊದಲು ಸಿಕ್ಕವನು ಬಿಜ್ಜರಗಿಯ ಒಬ್ಬ ತರುಣ. ಕುರಿ ಸಾಕುವ ಮನೆಯವನು, ಕೃಷಿ ಡಿಪ್ಲೊಮಾ ಮುಗಿಸಿದ್ದ. ರೆಸ್ಯೂಮೆ ಎಷ್ಟು ಚಂದ ಬಂತೆಂದರೆ, ಅಂಚುಗಳನ್ನು ನೋಡಿದರೇ ನೌಕರಿ ಕೊಡಬೇಕು! ಆದರೆ ನಲವತ್ತು ವರ್ಷದ ಕೈ ಎಲ್ಲಿ ಸುಮ್ಮನಿರುತ್ತದೆ? ನೆತ್ತಿಯ ಮೇಲೆ 'ಶ್ರೀ ಕುಲದೇವತಾ ಪ್ರಸನ್ನ' ಎಂದು ಕೂತಿತ್ತು. ತಳದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಅವನ ಅಪ್ಪ, ದೊಡ್ಡಪ್ಪ, ಸೋದರಮಾವಂದಿರ ಹೆಸರು. ಕಂಪನಿಯವರು ಸಂದರ್ಶನಕ್ಕೆ ಬರಬೇಕೋ ಮುಹೂರ್ತಕ್ಕೆ ಬರಬೇಕೋ! ಅದನ್ನೇನೋ ಅವನು ಕೈಮುಗಿದು ತೆಗೆಸಿದ. ಪ್ರೂಫ್ ಮಾತ್ರ ತಪ್ಪಿಸಲಾಗಲಿಲ್ಲ.

ಕಾಕಾನ ಪ್ರೂಫ್ ಎಂದರೆ ಏನೆಂದು ಹೇಳಬೇಕು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಪ್ರೂಫನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಆ ಮನೆಯ ಹಿರಿಯರೊಬ್ಬರು ಕೂತು ಕೇಳಬೇಕು; ಅವರು ಹೂಂ ಅಂದ ಮೇಲೇ ಅಚ್ಚು. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಹೋದರೆ ಮಂಟಪದಲ್ಲೇ ಬಡಿದಾಟವಲ್ಲವೇ? ಅದೇ ಪದ್ಧತಿಯನ್ನು ಕಾಕಾ ರೆಸ್ಯೂಮೆಗೂ ತಂದರು. ಹಾಳೆಯ ಒಂದು ಮಗ್ಗುಲಿಗೆ ಇಂಗ್ಲಿಷ್, ಇನ್ನೊಂದು ಮಗ್ಗುಲಿಗೆ ಕನ್ನಡ. ಕನ್ನಡದ್ದನ್ನು ಮನೆಯವರ ಮುಂದೆ ಓದುವುದು. ಹಾಗೆ ಬಸ್ಸು ಹತ್ತಿ ಬಿಜ್ಜರಗಿಗೆ ಹೋದರು. ಅವನ ತಾಯಿ ಹಟ್ಟಿಯ ಮುಂದೆ ಕೂತು ಕೇಳತೊಡಗಿದಳು. 'ಕಷ್ಟಪಟ್ಟು ದುಡಿಯುವ ಸ್ವಭಾವ' ಎಂಬ ಸಾಲು ಬಂದದ್ದೇ ಆಕೆ ಕೈಯೆತ್ತಿದಳು.

"ಯಾರ್ರೀ, ಇಂವಾ? ಕುರಿ ಕಾಯಾಕ ಕಳಿಸಿದ್ರ ಬೇವಿನ ಗಿಡದ ನೆಳ್ಳಾಗ ಮಲಕೋತಾನ. ಕುರಿ ತಾವ ಮನಿಗಿ ಬರ್ತಾವು, ಇಂವನ್ನ ಹುಡಕ್ಯಾಡಿ ತರಾಕ ನಾವ ಹೋಗಬೇಕು!"

ಕಾಕಾ ಕೆಂಪು ಪೆನ್ನು ತೆಗೆದು ಸಾಲು ಹೊಡೆದೇಬಿಟ್ಟರು. ತರುಣ ಅಳುವುದೊಂದು ಬಾಕಿ. ಆಮೇಲೆ ಕಾಕಾ ಕೇಳಿದರು: "ಹಂಗಾರ ಏನ ಬರ್ತೈತಬೇ ನಿನ್ನ ಮಗಗ?" ಆಕೆ ಸ್ವಲ್ಪ ಯೋಚಿಸಿ, "ಯಾವ ಕುರಿಗಿ ಜಡ್ಡ ಬಂದೈತಿ ಅಂತ ದೂರಿಂದ ನೋಡಿ ಹೇಳ್ತಾನ್ರಿ. ಡಾಕ್ಟರಗಿಂತ ಮೊದಲ ಹೇಳ್ತಾನ" ಎಂದಳು. ಕಾಕಾ ಅದನ್ನೇ ಬರೆದರು. ಜಾನುವಾರು ಔಷಧದ ಕಂಪನಿಯವರು ಅದೊಂದೇ ಸಾಲು ನೋಡಿ ಅವನನ್ನು ಕರೆದರಂತೆ!

ಇನ್ನು ಅರಿಶಿಣ. ಶುಭದ ಕಾಗದ ಮನೆ ಬಿಡುವ ಮುಂಚೆ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಬೇಕೆಂಬುದು ಕಾಕಾನ ಕಾಯಿದೆ. ನೌಕರಿಯ ಕಾಗದಕ್ಕಿಂತ ಶುಭ ಯಾವುದಿದೆ? ಆದರೆ ಆ ಔಷಧದ ಕಂಪನಿಯವರು ಮೊದಲು ರೆಸ್ಯೂಮೆಯನ್ನು ಮೇಲ್ ಮಾಡಿ ಅಂದಿದ್ದರು. ಕಾಕಾ ಪೇಚಿಗೆ ಬಿದ್ದರು. ಪಿಡಿಎಫ್‌ಗೆ ಅರಿಶಿಣ ಹಚ್ಚುವುದು ಹ್ಯಾಗೆ? ಅರ್ಧ ದಿನ ಕೂತು ಆಜ್ಞೆ ಬರೆದು, ಕಾಕುನ ಅರಿಶಿಣದ ಬಟ್ಟಲನ್ನು ಪರದೆಯ ಪಕ್ಕ ಹಿಡಿದು ಬಣ್ಣ ತಾಳೆ ನೋಡಿ, ನಾಲ್ಕೂ ಮೂಲೆ ಹಳದಿ ಮಾಡಿ ಕಳಿಸಿದರು. ಸಂಜೆಯೇ ಉತ್ತರ ಬಂತು: 'ನಿಮ್ಮ ಸ್ಕ್ಯಾನರ್ ಕೆಟ್ಟಿರುವಂತಿದೆ, ದಯವಿಟ್ಟು ಮತ್ತೊಮ್ಮೆ ಕಳಿಸಿ.'

ಇಷ್ಟೆಲ್ಲ ಗೊತ್ತಿದ್ದೂ ನಾನೇ ಹೋಗಿ ಹಳ್ಳಕ್ಕೆ ಬಿದ್ದೆ. ನನ್ನ ಗಂಡನ ಮನೆ ಬಬಲೇಶ್ವರ. ಯಜಮಾನರು ಶಾಲೆಯ ಮಾಸ್ತರು. ನಾನು ರಸಾಯನಶಾಸ್ತ್ರ ಓದಿ, ವಿಜಯಪುರದ ಒಂದು ಲ್ಯಾಬಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಅತ್ತೆಯವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ನಿಂತವು. ಕೊನೆಗೆ ನಾನು ಕೆಲಸ ಬಿಟ್ಟೆ; ಅದಕ್ಕೀಗ ಆರು ವರ್ಷ. ಈಗ ಅವರು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ಒಂದೊಂದೇ ಮಾತು ಆಡುತ್ತಾರೆ. ಅಷ್ಟರಲ್ಲಿ ತಿಕೋಟಾದ ಹತ್ತಿರ ಒಣದ್ರಾಕ್ಷಿಯ ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷಿಸುವವರು ಬೇಕಾಗಿದ್ದಾರೆಂದು ತಿಳಿಯಿತು. ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮನೆಯಲ್ಲಿ ಮೊಸರು ಹುಳಿಯಾದರೂ ಆ ಹುಳಿಯ ಪ್ರಮಾಣ ಅಳೆಯಬೇಕೆಂದು ಕೈ ತುರಿಸುತ್ತಿತ್ತು!

ಹೆದರಿಕೆ ಎರಡು. ಆರು ವರ್ಷ ಏನೂ ಮಾಡದೆ ಕೂತವಳನ್ನು ಯಾರು ಕರೆಯುತ್ತಾರೆ? ಎರಡನೆಯದು ಅತ್ತೆ. ನಮ್ಮ ಅತ್ತೆ ಯಾರನ್ನಾದರೂ ಹೊಗಳಿದ್ದನ್ನು ಕೇಳಿದವರು ಇಡೀ ಬಬಲೇಶ್ವರ ತಾಲೂಕಿನಲ್ಲಿಲ್ಲ. ಮಾತು ಹೋದಾಗ ಒಳಗೊಳಗೇ ನಿಟ್ಟುಸಿರು ಬಿಟ್ಟವರು ಬೇಕಾದಷ್ಟು ಮಂದಿ. ಅವರು 'ಬ್ಯಾಡ' ಎಂಬ ಒಂದೇ ಮಾತು ಆಡಿದರೂ ಸಾಕು, ನನ್ನ ಕಥೆ ಮುಗಿಯಿತು. ಹಾಗಾಗಿ ಅವರಿಗೆ ಹೇಳಿಯೇ ಇರಲಿಲ್ಲ.

ಕಾಕಾನ ಮನೆಗೆ ಹೋಗಿ, "ಕಾಕಾ, ಆ ಆರು ವರ್ಷದ್ದ ಖಾಲಿ ಜಾಗಾ ಕಾಣಲಾರದಂಗ ಹ್ಯಾಂಗರ ಸಾಲು ಸರಿಸಿ ಮುಚ್ಚಿಬಿಡ್ರಿ" ಅಂದೆ. ಕಾಕಾ ಕನ್ನಡಕ ತೆಗೆದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಖಾಲಿ ಅಂತ ಯಾರಬೇ ನಿನಗ ಹೇಳಿದ್ದು? ನಮ್ಮ ಪ್ರೆಸ್ಸಿನ್ಯಾಗ ಶಬ್ದದ ನಡುವಿನ ಜಾಗಾನೂ ಸೀಸದ್ದ ಇರ್ತಿತ್ತು. ಕಾಗದದ ಮ್ಯಾಲ ಮೂಡೂದಿಲ್ಲ, ಅಷ್ಟ. ಅದನ್ನ ತಗದಿ ಅಂದ್ರ ಅಕ್ಷರೆಲ್ಲ ದಬದಬ ಬಿದ್ದು ಹೋಗ್ತಾವು! ಆ ಆರು ವರ್ಷ ನೀ ಏನ ಮಾಡಿದಿ, ಅದನ್ನ ಬರಿ."

ನಾನು ಬೇಡವೆಂದೆ, ಅತ್ತೆಗೆ ಗೊತ್ತಾಗುತ್ತದೆ ಎಂದೆ, ನಾಚಿಕೆಯಾಗುತ್ತದೆ ಎಂದೆ. ಅವರು ಕೇಳಲಿಲ್ಲ. 'ಲಕ್ವಾ ಪೀಡಿತ ಹಿರಿಯರ ಪೂರ್ಣಾವಧಿ ಆರೈಕೆ: ಆರು ವರ್ಷ' ಎಂದು ಸಾಲು ಕೂರಿಸಿ, ಗುಂಡಿ ಒತ್ತಿ, ಅಚ್ಚು ತೆಗೆದು, "ನಾಳೆ ಪ್ರೂಫ್ ನೋಡಾಕ ಬಬಲೇಶ್ವರಕ್ಕ ಬರ್ತೇನಿ" ಅಂದರು. ಬರಬ್ಯಾಡ್ರಿ ಎಂದು ಕೈಮುಗಿದರೂ ಬಗ್ಗಲಿಲ್ಲ. ಅರಿಶಿಣ ಹಚ್ಚುವುದಿಲ್ಲ ಎಂದಾದರೂ ಆಣೆ ಮಾಡಿಸಿಕೊಂಡೆ.

ಮರುದಿನ ಪಡಸಾಲೆಯಲ್ಲಿ ಅತ್ತೆ ಮಂಚದ ಮೇಲೆ, ಕಾಕಾ ಎದುರಿಗೆ ಕುರ್ಚಿಯಲ್ಲಿ, ನಾನು ಅಡುಗೆಮನೆಯ ಬಾಗಿಲ ಹಿಂದೆ. ಕಾಕಾ ಗಂಟಲು ಸರಿಮಾಡಿಕೊಂಡು ಓದತೊಡಗಿದರು. ನನ್ನ ಹೆಸರು, ಓದು, ಲ್ಯಾಬಿನ ಮೂರು ವರ್ಷ. ಅತ್ತೆ ಅಲುಗಲಿಲ್ಲ. ಆಮೇಲೆ ಆ ಸಾಲು ಓದಿದರು. ಅತ್ತೆ ಎಡಗೈ ಎತ್ತಿದರು.

"ತಪ್ಪ... ಐತಿ."

ಮುಗಿಯಿತು, ಅಂದುಕೊಂಡೆ. ಬಿಜ್ಜರಗಿಯ ಬೇವಿನ ಮರ ಕಣ್ಣ ಮುಂದೆ ಬಂತು.

"ಏನ ತಪ್ಪೈತ್ರೀ ಅಕ್ಕಾರ?" ಕಾಕಾ ಕೆಂಪು ಪೆನ್ನು ತೆಗೆದರು.

"ಆರಲ್ಲ... ಏಳು."

ಕಾಕಾ ಹಾಳೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ಹಾಳೆ ನೋಡಿದರು. "ಇಲ್ರೀ ಅಕ್ಕಾರ, ಮೊದಲನೇ ವರ್ಷ ಆಕಿ ಇನ್ನೂ ಲ್ಯಾಬಿಗಿ ಹೋಗ್ತಿದ್ಲು. ಆ ವರ್ಷ ಮ್ಯಾಲಿನ ಸಾಲಿನ್ಯಾಗ ಬಂದೈತಿ. ಒಂದ ವರ್ಷ ಎರಡ ಕಡೆ ಹ್ಯಾಂಗ ಬರಿಯೂದು?"

ನಿಜ. ಆ ವರ್ಷವನ್ನು ನಾನೇ ಮರೆತಿದ್ದೆ. ಬೆಳಗಿನ ಜಾವ ಎದ್ದು ಅತ್ತೆಯವರ ಮೈ ಒರೆಸಿ, ಗಂಜಿ ಕುಡಿಸಿ, ವಿಜಯಪುರದ ಬಸ್ಸಿಗೆ ಓಡುತ್ತಿದ್ದೆ; ಮಧ್ಯಾಹ್ನ ಯಜಮಾನರು ಶಾಲೆಯಿಂದ ಬಂದು ನೋಡಿಕೊಳ್ಳುವರು; ಸಂಜೆ ಮತ್ತೆ ಓಡಿಬರುತ್ತಿದ್ದೆ. ಆಗ ಅತ್ತೆ ಛಾವಣಿ ನೋಡುತ್ತ ಮಲಗಿರುತ್ತಿದ್ದರು. ಅವರಿಗೆ ಏನೂ ತಿಳಿಯುತ್ತಿಲ್ಲವೆಂದು ಡಾಕ್ಟರೂ ಅಂದಿದ್ದರು, ನಾವೂ ಅಂದುಕೊಂಡಿದ್ದೆವು.

ಅತ್ತೆ ಮಾತಿಗಾಗಿ ಬಹಳ ಹೊತ್ತು ತಿಣುಕಿದರು. ಕಾಕಾ ಕಾದರು.

"ಎರಡೂ ಕಡೆ... ಇದ್ಲು ಆಕಿ."

ನಾನು ಬಾಗಿಲ ಹಿಂದೆ ಸೆರಗು ಬಾಯಿಗೊತ್ತಿಕೊಂಡೆ. ಕಾಕಾ ಆರನ್ನು ಹೊಡೆದು ಏಳು ಮಾಡಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತಿದ್ದಿ, ಪೇಟೆಗೆ ಹೋಗಿ ಹೊಸ ಅಚ್ಚು ತೆಗೆಸಿಕೊಂಡು ಬಂದರು. ಅಷ್ಟರಲ್ಲಿ ಅತ್ತೆ ದೇವರ ಜಗಲಿಯ ಅರಿಶಿಣದ ಬಟ್ಟಲು ತರಿಸಿಕೊಂಡಿದ್ದರು! ಕಾಕಾ ನನ್ನ ಮುಖ ನೋಡಿದರು. ಆಣೆ ಮಾಡಿದ್ದು ಅವರು, ಅತ್ತೆಯಲ್ಲವಲ್ಲ. ಅತ್ತೆ ಎಡಗೈಯಿಂದ ಮೂರು ಮೂಲೆ ಸರಿಯಾಗಿ ಹಚ್ಚಿದರು. ನಾಲ್ಕನೆಯದಕ್ಕೆ ಕೈ ನಡುಗಿ ಬೆರಳು ಅಂಚು ದಾಟಿ ನನ್ನ ಹೆಸರಿನ ಮೇಲೆ ಜಾರಿತು. ಅರ್ಧ ಇಂಚು ಸರಿದ ರಂಗೋಲಿಯನ್ನು ಸಹಿಸದ ನಮ್ಮ ಕಾಕಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇರ್ಲಿ, ಭಾಳ ಛಲೋ ಬಂದೈತಿ" ಅಂದರು.

ದ್ರಾಕ್ಷಿ ಘಟಕದ ಮಾಲೀಕರು ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿಯೂ ನೋಡಿದರು. ಆಮೇಲೆ ಒಂದು ಕಡೆ ಬೆರಳಿಟ್ಟರು.

"ಲ್ಯಾಬಿನ್ಯಾಗಿನ ಕಡೀ ವರ್ಷನೂ, ಈ ಸಾಲಿನ ಮೊದಲನೇ ವರ್ಷನೂ ಒಂದ ಐತಲ್ರೀ. ತಪ್ಪಾಗೇತೇನು?"

"ಇಲ್ರೀ, ಪ್ರೂಫ್ ನೋಡ್ಯಾರ್ರೀ."

"ಯಾರ ನೋಡ್ಯಾರ?"

"ನಮ್ಮ ಅತ್ತಿಯವರು."

ಅವರು ಇನ್ನೊಮ್ಮೆ ಆ ಹಳದಿ ಬೆರಳಿನ ಗುರುತು ನೋಡಿದರು. "ಹಂಗಾದ್ರ ಬರೋಬ್ಬರಿ ಇರ್ತೈತಿ ಬಿಡ್ರಿ. ಸೋಮವಾರದಿಂದ ಬರ್ರಿ" ಅಂದರು. ಸುದ್ದಿ ಹೇಳಲು ಫೋನು ಮಾಡಿದರೆ ಕಾಕಾ ಕೇಳಿದ ಮೊದಲ ಮಾತು, "ಅಂಚು ನೋಡಿದ್ರೇನು ಅವರು?"

ಸೋಮವಾರ ಮುಂಜಾನೆ ರೊಟ್ಟಿಯ ಡಬ್ಬಿ ಹಿಡಿದು, ಚಪ್ಪಲಿಗೆ ಕಾಲು ತೂರಿಸುತ್ತ ನಾನು ತಿಕೋಟಾದ ಬಸ್ಸಿಗೆಂದು ಹೊರಬಿದ್ದೆ. ಅತ್ತೆ ಕೋಲೂರಿಕೊಂಡು ಬಾಗಿಲವರೆಗೆ ಬಂದು ನಿಂತಿದ್ದರು.

"ಓಡಬ್ಯಾಡ," ಅಂದರು. "ಹೊತ್ತ... ಐತಿ."