‘ಇಲ್ಲ’ ಅನ್ನುವ ಅಭ್ಯಾಸ

ತೊಂದರೆ ಶುರುವಾದದ್ದು ಇಸ್ತ್ರಿ ಪೆಟ್ಟಿಗೆಯಿಂದ.

ತಂಗಿಯ ವೀಸಾ ಸಂದರ್ಶನಕ್ಕೆಂದು ಅಕ್ಕ ಹೊಲಿಗೆ ಯಂತ್ರದ ಮುಂದೆ ಹದಿನೈದು ದಿನ ಕೂತು ಒಂದು ಬೂದು ಕೋಟು ಹೊಲಿದಿದ್ದಳು. ಆ ಬೆಳಿಗ್ಗೆ ಎದುರುಮನೆಯ ಚಿಕ್ಕಮ್ಮ ಬಂದು, “ಕೊಡಿಲ್ಲಿ, ತೋಳು ಸರಿಯಾಗಿ ಕೂತಿಲ್ಲ, ಇಸ್ತ್ರಿ ಹಾಕಿ ತರ್ತೀನಿ” ಎಂದು ಅದನ್ನು ಎತ್ತಿಕೊಂಡು ಹೋದರು. ಕಾಲು ಗಂಟೆಯಲ್ಲಿ ವಾಪಸು ತಂದರು. ಬೆನ್ನ ಮೇಲೆ ದೋಣಿಯಾಕಾರದ ಕಂದು ಕಲೆಯೊಂದು ತೇಲುತ್ತಿತ್ತು.

“ಬೆನ್ನು ತಾನೆ?” ಎಂದರು ಚಿಕ್ಕಮ್ಮ. “ಆಫೀಸರು ಮುಖ ನೋಡ್ತಾರೆ.”

“ಎದ್ದು ಹೋಗುವಾಗ ಬೆನ್ನನ್ನೂ ನೋಡ್ತಾರೆ ಚಿಕ್ಕಮ್ಮ,” ಎಂದಳು ಅಕ್ಕ. ಅಕ್ಕ ಯಾವಾಗಲೂ ಮಾತನ್ನು ಬಟ್ಟೆಯ ಹಾಗೆ ಅಳೆದು ಕತ್ತರಿಸುವವಳು.

ಉಳಿದದ್ದು ಲಾಡ್ಜಿನ ಸಮವಸ್ತ್ರದ ಕರಿ ಕೋಟು. ಜೇಬಿನ ಮೇಲೆ ಹಳದಿ ದಾರದಲ್ಲಿ ಬೀಗದ ಕೈಯ ಚಿತ್ರ. ತಂಗಿ ಅದನ್ನೇ ತೊಟ್ಟಳು. ಆರು ವರ್ಷದಿಂದ ಅವಳು ಆ ಲಾಡ್ಜಿನ ರಿಸೆಪ್ಷನ್ನಿನಲ್ಲಿ ನಿಂತವಳು. ಹೊರದೇಶದ ಕಾಲೇಜೊಂದು ಹೋಟೆಲ್ ಆಡಳಿತ ಕಲಿಯಲು ಸೀಟು ಕೊಟ್ಟಿತ್ತು. ಸೋಮವಾರ ತರಗತಿ ಶುರು. ಇವತ್ತು ವೀಸಾ ಸಿಗದಿದ್ದರೆ ಸೀಟು ಇನ್ನೊಬ್ಬರಿಗೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ಮಹಡಿ ಮೇಲಿನ ಮೇಷ್ಟ್ರು ಮೆಟ್ಟಿಲಲ್ಲೇ ಅಡ್ಡ ನಿಂತರು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ ಇವಳು.

“ಕೊನೇ ಸಲ ಕೇಳ್ತೀನಿ. ಓದು ಮುಗಿದ ಮೇಲೆ ಅಲ್ಲೇ ಉಳ್ಕೋತೀಯಾ?”

“ನೋಡ್ತೀನಿ ಸಾರ್.”

ಮೇಷ್ಟ್ರು ಹಣೆ ಚಚ್ಚಿಕೊಂಡರು. “ನೋಡೋದೇನು? ‘ಇಲ್ಲ’ ಅನ್ಬೇಕು ಕಣಮ್ಮ. ಅವರು ಕೇಳೋದೆಲ್ಲಾ ಸುತ್ತಿ ಬಳಸಿ ಇದೊಂದೇ. ಎರಡಕ್ಷರ. ಒಂದು ವಾರದಿಂದ ಹೇಳಿಕೊಡ್ತಿದೀನಿ. ಹಾಡಬೇಕಾ, ಕುಣೀಬೇಕಾ? ಇಲ್ಲ ಅನ್ನು.”

“ಇ...” ಎಂದಳು ತಂಗಿ. ಮುಂದಿನದು ಗಂಟಲಲ್ಲಿ ಔಷಧದ ಗುಳಿಗೆಯಂತೆ ಅಡ್ಡ ಕೂತಿತು.

ತಪ್ಪು ಅವಳದಲ್ಲ. ಲಾಡ್ಜಿನಲ್ಲಿ ಸೇರಿದ ದಿನವೇ ಮ್ಯಾನೇಜರು ಹೇಳಿದ್ದರು: ಗಿರಾಕಿ ಏನೇ ಕೇಳಲಿ, ‘ಇಲ್ಲ’ ಅನ್ನುವ ಮಾತು ಈ ಕೌಂಟರಿನಿಂದ ಹೊರಡಬಾರದು. ಕೋಣೆ ಖಾಲಿ ಇಲ್ಲವೇ? ನೋಡ್ತೀನಿ ಸಾರ್. ಬಿಸಿನೀರು ನಿಂತಿದೆಯೇ? ನೋಡ್ತೀನಿ ಮೇಡಂ. ಆರು ವರ್ಷದಲ್ಲಿ ಅವಳ ನಾಲಿಗೆಯಿಂದ ಆ ಎರಡಕ್ಷರ ಬಾಡಿಗೆ ಮನೆ ಬಿಟ್ಟುಹೋದ ಸಂಸಾರದಂತೆ ಸದ್ದಿಲ್ಲದೆ ಖಾಲಿಯಾಗಿತ್ತು. ಅಡುಗೆಯವನೇ ಅವಳಿಗೆ ‘ನೋಡ್ತೀನಮ್ಮ’ ಎಂದು ಹೆಸರಿಟ್ಟಿದ್ದ. ಇಬ್ಬರು ಅವಳನ್ನು ಮದುವೆಯಾಗಲು ಕೇಳಿ, ಅವಳು ನೋಡುವುದನ್ನೇ ಕಾದು ಕಾದು, ಬೇರೆ ಕಡೆ ಮದುವೆಯಾಗಿ ಮಕ್ಕಳನ್ನೂ ಶಾಲೆಗೆ ಸೇರಿಸಿದ್ದರು.

ವೀಸಾ ಕಚೇರಿಯ ಹಜಾರ ತುಂಬಿತ್ತು. ಅವಳ ಟೋಕನ್ ಹದಿನೆಂಟು. ಕೂತು ಕಣ್ಣು ಮುಚ್ಚಿ ‘ಇಲ್ಲ, ಇಲ್ಲ’ ಎಂದು ಒಳಗೊಳಗೇ ಉರು ಹೊಡೆಯುತ್ತಿದ್ದಳು. ಯಾರೋ ಭುಜ ತಟ್ಟಿದರು.

“ಮೇಡಂ, ಫೋಟೋ ಎಲ್ಲಿ ಅಂಟಿಸ್ಬೇಕು?”

ಕರಿ ಕೋಟು, ಜೇಬಿನ ಮೇಲೆ ಬೀಗದ ಕೈ. ಕಚೇರಿಯವಳೆಂದು ತಿಳಿದಿದ್ದರು. ನಾನು ಇಲ್ಲಿಯವಳಲ್ಲ ಎನ್ನಬೇಕಿತ್ತು. “ನೋಡ್ತೀನಿ ಸಾರ್,” ಎಂದು ಅರ್ಜಿ ಇಸಿದುಕೊಂಡಳು. ಅದನ್ನು ಕಂಡು ಇನ್ನಿಬ್ಬರು ಎದ್ದು ಬಂದರು. ಹತ್ತು ನಿಮಿಷದಲ್ಲಿ ಅವಳ ಮುಂದೆ ಒಂದು ಸಾಲೇ ಬೆಳೆಯಿತು. ಒಬ್ಬರಿಗೆ ಗೋಂದು, ಒಬ್ಬರಿಗೆ ಪೆನ್ನು, ಅಳುವ ಮಗುವಿಗೆ ನೀರು. ಅಡ್ಡಾದಿಡ್ಡಿ ಬಿದ್ದಿದ್ದ ಕುರ್ಚಿಗಳನ್ನು ಸಾಲಾಗಿ ಇಟ್ಟಳು. ಹಜಾರಕ್ಕೇ ಒಂದು ಕಳೆ ಬಂತು.

ಕೋಲೂರಿದ ಅಜ್ಜಿಯೊಬ್ಬರು ಅವಳ ಕೈ ಹಿಡಿದರು. “ಮಗಳ ಬಾಣಂತನಕ್ಕೆ ಹೊರಟಿದೀನಿ ಕಣಮ್ಮ. ನಂದು ನಲವತ್ತೇಳು. ಅಷ್ಟು ಹೊತ್ತು ಕೂರೋಕೆ ಮಂಡಿ ಕೇಳಲ್ಲ. ಸ್ವಲ್ಪ ಮುಂದಿನ ನಂಬರ್ ಸಿಗುತ್ತಾ?”

“ನೋಡ್ತೀನಿ ಅಜ್ಜಿ,” ಎಂದಳು. ನೋಡುವುದಕ್ಕೆ ಅವಳ ಬಳಿ ಇದ್ದದ್ದು ಒಂದೇ ಟೋಕನ್. ಹದಿನೆಂಟು ಅಜ್ಜಿಗೆ ಹೋಯಿತು, ನಲವತ್ತೇಳು ಇವಳ ಜೇಬಿಗೆ ಬಂತು.

ಬಾಗಿಲಲ್ಲಿ ನಂಬರು ಕೂಗುತ್ತಿದ್ದ ಕಾವಲುಗಾರನ ಗಂಟಲು ಮಧ್ಯಾಹ್ನದ ಹೊತ್ತಿಗೆ ಕಟ್ಟಿತು. “ಮೇಡಂ, ಹೊಸದಾಗಿ ಬಂದಿದೀರಾ? ಒಂಚೂರು ನೀವೇ ಕೂಗ್ತೀರಾ? ನಾನು ಟೀ ಕುಡಿದು ಬರ್ತೀನಿ,” ಎಂದ. ಇದಕ್ಕೂ ಅವಳು ‘ಇಲ್ಲ’ ಅನ್ನಲಿಲ್ಲ.

ಕೂಗುವುದು ಅವಳಿಗೆ ಒಗ್ಗಿದ ಕೆಲಸ. ಗಟ್ಟಿಯಾಗಿ, ಆದರೆ ಯಾರೂ ಬೆಚ್ಚದ ಹಾಗೆ. ನಲವತ್ತೈದು ಹೋಯಿತು, ನಲವತ್ತಾರು ಹೋಯಿತು.

“ನಲವತ್ತೇಳು.”

ಯಾರೂ ಏಳಲಿಲ್ಲ.

“ನಲವತ್ತೇಳು, ಯಾರಿದೀರಿ?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವಳು ಕಾರಿಡಾರಿಗೂ ಹೋಗಿ ಕೂಗಿ ಬಂದಳು. ಎಂಥ ಬೇಜವಾಬ್ದಾರಿ ಜನ, ಇಂಥ ದಿನವೂ ಹೊತ್ತಿಗೆ ಸರಿಯಾಗಿ ಕೂತಿರಬಾರದೇ ಎಂದುಕೊಂಡಳು. ಗಾಜಿನ ಕಿಂಡಿಯಲ್ಲಿ ಬಗ್ಗಿ, “ಬಂದಿರೋ ಹಾಗೆ ಕಾಣಲ್ಲ ಮೇಡಂ,” ಎಂದಳು. ಒಳಗಿದ್ದ ಅಧಿಕಾರಿಣಿ ಕೆಂಪು ಗೀಟು ಎಳೆದರು.

ಐವತ್ತೆರಡನ್ನು ಕೂಗಿದ ಮೇಲೆ ಬೆವರು ಒರೆಸಲು ಕರವಸ್ತ್ರ ತೆಗೆದಳು. ಜೊತೆಗೆ ಟೋಕನ್ ಈಚೆ ಬಂತು.

ಅವಳು ಅದನ್ನು ನೋಡುತ್ತಾ ನಿಂತಳು. ಆರು ವರ್ಷ ಬೇರೆಯವರ ನಂಬರು ನೆನಪಿಟ್ಟುಕೊಂಡವಳಿಗೆ ತನಗೂ ಒಂದು ನಂಬರು ಇರಬಹುದೆಂಬುದು ಹೊಳೆದೇ ಇರಲಿಲ್ಲ. ನಗು ಬಂತೋ ಅಳು ಬಂತೋ, ಎರಡೂ ಅರ್ಧಕ್ಕೇ ನಿಂತವು.

ಕೊನೆಯವರು ಎದ್ದು ಹೋದ ಮೇಲೆ ಕಿಂಡಿಯ ಮುಂದೆ ಹೋಗಿ ಟೋಕನ್ ಇಟ್ಟಳು. ಅಧಿಕಾರಿಣಿ ಅದನ್ನೂ ಅವಳನ್ನೂ ನೋಡಿದರು. ನೋಡಿ ಕನ್ನಡಕ ತೆಗೆದು ನಕ್ಕರು.

“ನಿಮ್ಮನ್ನ ನೀವೇ ಗೈರುಹಾಜರು ಮಾಡ್ಕೊಂಡ್ರಾ? ಬನ್ನಿ, ಕೂತ್ಕೊಳ್ಳಿ. ಬೆಳಿಗ್ಗೆಯಿಂದ ನೋಡ್ತಿದೀನಿ. ಈ ಹಜಾರ ಇಷ್ಟು ಶಾಂತವಾಗಿದ್ದಿದ್ದನ್ನ ನಾನು ಕಂಡೇ ಇರಲಿಲ್ಲ.”

ಕಾಗದಗಳೆಲ್ಲ ಸರಿಯಾಗಿದ್ದವು. ಅಂಕಪಟ್ಟಿ, ಕಾಲೇಜಿನ ಪತ್ರ, ಲಾಡ್ಜಿನ ಪತ್ರ. ಅಧಿಕಾರಿಣಿ ಒಪ್ಪಿಗೆಯ ಮುದ್ರೆಯನ್ನು ಕೈಗೆ ತೆಗೆದುಕೊಂಡೇ ಬಿಟ್ಟಿದ್ದರು.

“ನಿಮ್ಮಂಥವರು ಹೋಗ್ಬೇಕು. ಒಂದೇ ಪ್ರಶ್ನೆ, ಸುಮ್ನೆ ಬರ್ಕೊಳ್ಳೋಕೆ. ಓದು ಮುಗಿದ ಮೇಲೆ ಅಲ್ಲೇ ಉಳ್ಕೊಳ್ಳೋ ಯೋಚನೆ ಏನಾದ್ರೂ ಇದೆಯಾ?”

ಎದುರಿಗೆ ಕೌಂಟರು. ಕೌಂಟರಿನಾಚೆ ಒಬ್ಬ ಹೆಂಗಸು, ಅವಳದೊಂದು ಪ್ರಶ್ನೆ. ತಂಗಿ ಬೆನ್ನು ನೆಟ್ಟಗೆ ಮಾಡಿದಳು. ತಲೆಯೊಳಗೆ ಮೇಷ್ಟ್ರು ಕೈಕಾಲು ಬಡಿದು ಕೂಗುತ್ತಿದ್ದರು. ಬಾಯಿ ಮಾತ್ರ ಯಾರ ಅಪ್ಪಣೆಗೂ ಕಾಯದೆ, ಹಸನ್ಮುಖದಿಂದ ಹೇಳಿತು:

“ನೋಡ್ತೀನಿ ಮೇಡಂ.”

ಮುದ್ರೆ ಮೇಜಿನ ಮೇಲೆ ಕೂತಿತು. ಅಧಿಕಾರಿಣಿ ನಿಟ್ಟುಸಿರಿಟ್ಟು ಇನ್ನೊಂದು ಮುದ್ರೆಯನ್ನು ಎತ್ತಿಕೊಂಡರು. “ಹೀಗಂದ್ಮೇಲೆ ನನ್ನ ಕೈಲೂ ಏನಿಲ್ಲಮ್ಮ,” ಎಂದರು.

ಬಾಗಿಲಲ್ಲಿ ಕಾವಲುಗಾರ ಸಲಾಮು ಹೊಡೆದ. “ನಾಳೆನೂ ನಿಮ್ಮದೇ ಡ್ಯೂಟಿನಾ ಮೇಡಂ?”

“ನೋಡ್ತೀನಿ,” ಎಂದು ಹೊರಗೆ ಬಂದಳು.

ಮನೆಯಲ್ಲಿ ಅಕ್ಕ ಬೂದು ಕೋಟಿನ ಬೆನ್ನನ್ನು ಬಿಚ್ಚಿ ಹೊಸ ಬಟ್ಟೆ ಕೂಡಿಸುತ್ತಿದ್ದಳು. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. “ಅಲ್ಲಿ ಚಳಿ ಅಂತೆ. ಒಳಗಿನ ಅಸ್ತರಿ ದಪ್ಪ ಇರ್ಲಿ ಅಂತ,” ಎಂದಳು ಅಕ್ಕ ತಲೆ ಎತ್ತದೆ. ಆಮೇಲೆ ಎತ್ತಿದಳು. “ಆಯ್ತಾ?”

“ಇಲ್ಲ,” ಎಂದಳು ತಂಗಿ.

ಹೊಲಿಗೆ ಯಂತ್ರ ನಿಂತಿತು. ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲಿಂದ ಚಪ್ಪಾಳೆಯ ಸದ್ದು ಕೇಳಿಸಿತು. ಬೆಳಗಿನಿಂದ ಕಾದು ಕೂತಿದ್ದ ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಇಳಿದು ಬಂದರು.

“ಭೇಷ್ ಕಣಮ್ಮ,” ಎಂದರು. “ಎಷ್ಟು ಸ್ಪಷ್ಟವಾಗಿ ಬಂತು ನೋಡು. ಅಲ್ಲೂ ಹೀಗೇ ಹೇಳಿದೆ ತಾನೆ?”