ಬ್ಯಾಡಗಿಯ ಸೀನು

ವಿರೂಪಾಕ್ಷ ಮಾಸ್ತರರ ಬೆಳ್ಳಿಯ ಪದಕಕ್ಕೆ ಒಂದು ಸೀನೇ ಮೂಲವೆಂಬುದು ರಾಣೆಬೆನ್ನೂರಿನ ಅವರ ಓಣಿಗೆಲ್ಲ ತಿಳಿದ ಇತಿಹಾಸ. ಬಾಲ್ಯದ ಒಂದು ಶ್ರಾವಣದಲ್ಲಿ ಹಾವೇರಿಯ ಪ್ರಬಂಧ ಸ್ಪರ್ಧೆಗೆಂದು ಹೊಳೆಯಾಚೆಯ ಅತ್ತೆಯ ಮನೆಯಿಂದ ಹೊರಟು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ಸೀನಿದಳು. ಒಂಟಿ ಸೀನು! ಕಾಲು ಹಿಂದೆಗೆದು ಕುಳಿತರು. ಮೊದಲ ಹರಿಗೋಲು ತಪ್ಪಿತು. ಆ ಹರಿಗೋಲೋ ತುಂಬಿದ ತುಂಗಭದ್ರೆಯಲ್ಲಿ ಬುಗುರಿಯಂತೆ ತಿರುಗಿ, ಸಂಜೆಗೆ ಯಾವುದೋ ಊರಿನ ದಡ ಸೇರಿತು. ಮಾಸ್ತರರು ಮುಂದಿನದರಲ್ಲಿ ಗಳಗನಾಥಕ್ಕಿಳಿದು, ಕೆಸರು ತುಳಿದು, ಸಿಕ್ಕ ಲಾರಿ ಹತ್ತಿ, ಒದ್ದೆ ಅಂಗಿಯಲ್ಲೇ ಪ್ರಬಂಧ ಬರೆದು ಪ್ರಥಮರಾಗಿ ಆ ಪದಕ ಗೆದ್ದರು. ಅಂದಿನಿಂದ ಸೀನಿನ ಮಾತನ್ನು ಅವರು ಮೀರಿದವರಲ್ಲ.

ಇಂಥವರು ಮೊಮ್ಮಗಳು ಹರಿಪ್ರಿಯಾಳಿಗೆ, "ಪಿಯುಸಿ ಮುಗೀಲಿ, ನಿನಗ ಬೇಕಾದ್ದ ಓದು. ನಾ ಬ್ಯಾಡ ಅನ್ನಂಗಿಲ್ಲ" ಎಂದು ವಚನ ಕೊಟ್ಟುಬಿಟ್ಟಿದ್ದರು. ಆಕೆ ಆರಿಸಿದ್ದು ಬೈಬಲ್ ಅಧ್ಯಯನದ ಬಿ.ಎ.

"ಹೀಬ್ರೂ, ಗ್ರೀಕ್ ಎಲ್ಲಾ ಕಲಿಸ್ತಾರ, ಅಜ್ಜ. ಹಳೇ ಹೊತ್ತಿಗಿ ಹುಚ್ಚು ನಿಮ್ಮಿಂದನ ಬಂದದ್ದು."

ನೆರೆಮನೆಯ ಮಂಗಳವ್ವ ಕರೆಯದೆಯೇ ಒಳಬಂದಳು. "ಬೈಬಲ್ ಓದಿದಾಕಿಗೆ ವರ ಎಲ್ಲಿ ಹುಡುಕ್ತೀರಿ ಮಾಸ್ತರ್ರ? ಬಿ.ಕಾಂ. ಮಾಡಿಸ್ರಿ, ಬ್ಯಾಂಕಿನವನರ ಸಿಗತಾನ."

ಪ್ರವೇಶಕ್ಕೆ ನಾಳೆಯೇ ಕಡೆಯ ದಿನ. ವಚನ ಮುರಿಯಬಾರದು, ಮೊಮ್ಮಗಳು ಹೋಗಲೂಬಾರದು. ಮಾಸ್ತರರಿಗೆ ಸೀನು ನೆನಪಾಯಿತು. ಸೀನೆಂದೊಡನೆ ಬ್ಯಾಡಗಿಯ ಮೆಣಸಿನಕಾಯಿ ನೆನಪಾಯಿತು. ಅಲ್ಲಿನ ವ್ಯಾಪಾರಿ, ಹಳೆಯ ಶಿಷ್ಯ ಚಮನಸಾಬನಿಗೆ ಗುಟ್ಟಾಗಿ ಫೋನು ಮಾಡಿದರು. ಗುಟ್ಟು ಹೇಳುವಾಗಲೂ ಅವರದು ಕಡೆಯ ಬೆಂಚಿಗೆ ಕೇಳಿಸುವ ಕಂಠ.

"ಹುಡುಗಿ 'ಹೋಗ್ಲೇನು' ಅಂತ ಕೇಳ್ತಾಳ. ಕೇಳಿದಕೂಡ್ಲೆ ಒಂದು ಸೀನು ಬೀಳಬೇಕು ನೋಡಪಾ. ಒಂದ! ಜೋಡಿ ಸೀನು ಬಿದ್ರ ಶುಭ ಆಗತೈತಿ."

ಬ್ಯಾಡಗಿಯಲ್ಲಿ ಶಕುನ ಕೇಳಿಯೇ ಕಳಿಸುವುದೆಂದು ಮೊಮ್ಮಗಳನ್ನು ಒಪ್ಪಿಸಿ ಅಂದೇ ಹೊರಟರು. ಮಂಗಳವ್ವ ಶಕುನಕ್ಕೆ ಸಾಕ್ಷಿಯಾಗಿ, ಮೆಣಸಿನಕಾಯಿ ಕೊಳ್ಳುವ ನೆವದಿಂದ ಜೊತೆಗೂಡಿದಳು. ಮೋಟೆಬೆನ್ನೂರು ದಾಟುವವರೆಗೂ ಮಾಸ್ತರರು ಬಸ್ಸಿನಲ್ಲಿ ಒಳಗೊಳಗೇ ನಗುತ್ತಿದ್ದರು. ಚಮನಸಾಬನ ಅಂಗಡಿಯಲ್ಲಿ ಕೆಂಪು ರಾಶಿ ಬೆಟ್ಟದಂತೆ ಬಿದ್ದಿತ್ತು.

"ದೇವರನ್ನ ನೆನೆಸಿ ಕೇಳವಾ," ಎಂದರು ಮಾಸ್ತರರು.

"ನಾ ಬೈಬಲ್ ಓದಾಕ ಹೋಗ್ಲೇನು?"

ಯಾರೂ ಸೀನಲಿಲ್ಲ. ಮಾಸ್ತರರು ಕಣ್ಣು ಮಿಟುಕಿಸಿದರು, ಕೆಮ್ಮಿದರು. ಚಮನಸಾಬ ಕಿವಿಯಲ್ಲಿ ಉಸುರಿದ: "ಏನ್ ಮಾಡ್ಲಿ ಸರ, ಇದರಾಗ ಕುಂತು ಕುಂತು ನನ್ನ ಮೂಗು ಸತ್ತೈತಿ. ಹಮಾಲರವೂ ಅಷ್ಟ." ಮಂಗಳವ್ವನೋ ಸೆರಗಿನಿಂದ, ಹರಿಪ್ರಿಯಾ ದುಪಟ್ಟಾದಿಂದ ಮೂಗನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರು.

"ದೇವರಿಗೆ ಕೇಳಿಸಿಲ್ಲ, ಇನ್ನೊಮ್ಮೆ ಕೇಳೂಣು!" ಎಂದ ಮಾಸ್ತರರು, ಕಾಯಿ ನೋಡುವವರಂತೆ ಒಂದು ಚೀಲವನ್ನೆತ್ತಿ ಕೊಡವಿದರು. ಕೆಂಪು ಧೂಳು ಎದ್ದಿತು. ಆ ಅಂಗಡಿಯಲ್ಲಿ ಜೀವಂತವಾಗಿದ್ದ ಒಂದೇ ಮೂಗು ಅವರದು. ಅದು ಮದುವೆಯ ಬ್ಯಾಂಡಿನ ಕಹಳೆಯಂತೆ ಅರಳಿತು. ಕಣ್ಣಲ್ಲಿ ನೀರು, ಬಾಯಿ ತೆರೆದೇ ಇತ್ತು.

"ಲಗೂ... ಲಗೂ ಕೇ... ಕೇಳವಾ!"

ಹರಿಪ್ರಿಯಾ ಕೈಮುಗಿದಳು. "ಅಜ್ಜ, ಹಂಗಾರ ಆ ಬೈಬಲ್ ಓದು ಬಿಟ್ಟಬಿಡ್ಲೇನು?"

"ಬಿ... ಬ್ಯಾ... ಆಕ್ಷೀ!"

ತಕ್ಕಡಿಯ ತಟ್ಟೆಗಳು ಅದುರಿದವು. ಮತ್ತೊಂದು ಸೀನಿಗಾಗಿ ಮಾಸ್ತರರು ಮೂಗು ತಿಕ್ಕಿದರು, ಬಾಗಿಲಿನಿಂದ ಇಣುಕಿ ಸೂರ್ಯನನ್ನು ನೋಡಿದರು. ಬರಲಿಲ್ಲ.

"ಒಂಟಿ ಸೀನು!" ಮಂಗಳವ್ವ ಸೆರಗು ಬಿಚ್ಚಿ ಸಾರಿದಳು. "ಬಿಡೂದು ಬ್ಯಾಡಂತ ಆತು. ಅದೂ ಮನಿ ಹಿರೇರ ಸೀನು! ಇನ್ನ ತಡದ್ರ ಕೇಡು, ಮಾಸ್ತರ್ರ. ನಾಳೆನ ಕಳಸ್ರಿ."

"ಸೀನು ಗೀನು ಎಲ್ಲಾ ಖೊಟ್ಟಿ! ಮೂಗಿಗೆ ಖಾರ ಹೋದ್ರ ಯಾರಿಗಾದರೂ ಬರತೈತಿ!" ಎಂದು ಮಾಸ್ತರರು ಗುಡುಗಿದರು.

ಚಮನಸಾಬ ವಿನಯದಿಂದ ಕೇಳಿದ: "ಹಂಗಾರ ಆ ಬೆಳ್ಳಿ ಪದಕ ಏನ್ರಿ ಸರ?"

ಮಾಸ್ತರರು ತಾವು ಕೊಡವಿದ ಚೀಲದ ಮೇಲೆಯೇ ಕುಸಿದು ಕುಳಿತರು. ಹರಿಪ್ರಿಯಾ ಪಕ್ಕದಲ್ಲಿ ಕುಳಿತು, ಮೂಗೊರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು.

"ಅಜ್ಜ, ಬಸ್ಸಿಗೆ ಇನ್ನೂ ಹೊತ್ತೈತಿ. ಅತ್ತಿ ಸೀನಿದ್ಲು, ನೀವು ಹರಿಗೋಲು ಬಿಟ್ರಿ... ಆ ಕತಿ ಇನ್ನೊಮ್ಮೆ ಹೇಳ್ರಲ್ಲ."